ಮತದಾರರ ಪಟ್ಟಿ ಕಲಿಸಿದ ಪಾಠ

ಮಾನ್ಯರೇ,

2023ರ ವಿಧಾನಸಭಾ ಚುನಾವಣೆಯಲ್ಲಿ ಬಸವನಗುಡಿ ಕ್ಷೇತ್ರದ ಅಭ್ಯರ್ಥಿಯೊಬ್ಬರ ಪರವಾಗಿ ಸ್ವಯಂಸೇವಕಿಯಾಗಿ ದುಡಿದ ನನಗೆ, ಪ್ರಚಾರವೆಂದರೆ ಕರಪತ್ರ ಹಂಚುವುದಷ್ಟೇ ಅಲ್ಲ ಎಂಬುದು ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋದಾಗ ಮನವರಿಕೆಯಾಯಿತು. ಹನುಮಂತನಗರದ ವಠಾರವೊಂದರಲ್ಲಿ, ಎಂದೋ ತೀರಿಕೊಂಡ ಹಿರಿಯರೊಬ್ಬರ ಹೆಸರು ಪಟ್ಟಿಯಲ್ಲಿ ಹಾಗೆಯೇ ಉಳಿದಿತ್ತು. ಅಲ್ಲಿಯೇ ಬಹುಕಾಲದಿಂದ ಬಾಡಿಗೆಗಿದ್ದ ರಾಯಚೂರಿನ ದಂಪತಿಯ ಹೆಸರು ಮಾತ್ರ ಇರಲಿಲ್ಲ. ವಾಸಸ್ಥಳ ಬದಲಿಸಿದವರು ನಮೂನೆ 8 ಎಂಬ ಅರ್ಜಿಯನ್ನು ಸಲ್ಲಿಸಿದರೆ ಸಾಕು ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಆ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೆ ಮನೆಯಿಂದಲೇ ಮತ ಚಲಾಯಿಸುವ ಅವಕಾಶವಿತ್ತಾದರೂ, ಅದಕ್ಕೆ ಮುಂಚಿತವಾಗಿ ಅರ್ಜಿ ಕೊಡಬೇಕೆಂಬುದು ಎಷ್ಟೋ ಹಿರಿಯರಿಗೆ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು.

ಜನರು ನಮ್ಮನ್ನು ಕೇಳಿದ್ದು ಬಹುಪಾಲು ಚರಂಡಿ, ಕಸ, ಬೀದಿದೀಪಗಳ ಬಗ್ಗೆ. ಇವು ಪಾಲಿಕೆ ಸದಸ್ಯರನ್ನು ಕೇಳಬೇಕಾದ ಪ್ರಶ್ನೆಗಳು. ಆದರೆ 2015ರಲ್ಲಿ ಚುನಾಯಿತವಾದ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತಿದ್ದರೂ, ಇಷ್ಟು ದೊಡ್ಡ ನಗರ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಎಲ್ಲ ಪಕ್ಷಗಳಲ್ಲಿ ನನ್ನದೊಂದು ವಿನಂತಿಯಿದೆ. ಪಕ್ಷಗಳು ನೇಮಿಸುವ ಮತಗಟ್ಟೆ ಮಟ್ಟದ ಏಜೆಂಟರನ್ನು ಮತದಾನದ ದಿನಕ್ಕಷ್ಟೇ ಸೀಮಿತಗೊಳಿಸದೆ, ಪಟ್ಟಿ ಪರಿಷ್ಕರಣೆಯ ಸಮಯದಲ್ಲಿಯೂ ಬಾಡಿಗೆದಾರರು ಮತ್ತು ಒಂಟಿ ಹಿರಿಯರ ಮನೆಗಳಿಗೆ ಕಳುಹಿಸಬೇಕು. ಕಾಲೇಜು ವಿದ್ಯಾರ್ಥಿಗಳೂ ತಮಗೆ ಒಪ್ಪಿಗೆಯಾದ ಪಕ್ಷ ಯಾವುದೇ ಇರಲಿ, ಈ ಕೆಲಸಕ್ಕೆ ಮುಂದೆ ಬರಲಿ.

– ಒಬ್ಬ ಮತದಾರಳು, ಬಸವನಗುಡಿ, ಬೆಂಗಳೂರು