ಸಿಎಂಎಲ್ ರೋಗಿಗಳ ಪಿಸಿಆರ್ ಪರೀಕ್ಷೆಗೆ ತಾಲ್ಲೂಕಿನಲ್ಲೇ ರಕ್ತ ಸಂಗ್ರಹಿಸಲಿ

ಮಾನ್ಯರೇ,

ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್ ಈಗ ಬಹುತೇಕರಲ್ಲಿ ಇಮಾಟಿನಿಬ್‌ನಂಥ ಗುಳಿಗೆಯಿಂದಲೇ ಹತೋಟಿಗೆ ಬರುತ್ತದೆ. ಈ ಔಷಧದ ಪೇಟೆಂಟ್ ಕೋರಿಕೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ಅಗ್ಗದ ಜೆನೆರಿಕ್ ಗುಳಿಗೆಗಳೂ ಉಳಿದುಕೊಂಡವು. ತೊಡಕು ಇರುವುದು ನಂತರದ ತಪಾಸಣೆಯಲ್ಲಿ. ಹೊಸನಗರದ ಕಡೆಯಲ್ಲಿರುವ, ಈ ಕಾಯಿಲೆಯ ನನ್ನ ತಮ್ಮನ ಮಗ, 'ರಕ್ತದ ಎಣಿಕೆ ಸರಿಯಿದೆಯಲ್ಲ ದೊಡ್ಡಪ್ಪ' ಎನ್ನುತ್ತಾ, ಮಳೆಗಾಲ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು, ರಕ್ತದಲ್ಲಿ ರೋಗದ ಜೀನ್‌ನ ಕುರುಹನ್ನು ಅಳೆಯುವ ಪಿಸಿಆರ್ ಪರೀಕ್ಷೆಯನ್ನು ಮುಂದೂಡಿದ. ಕೊನೆಗೆ ಮಾಡಿಸಿದಾಗ ಬಿಸಿಆರ್-ಎಬಿಎಲ್ ಎಂಬ ಆ ಕುರುಹಿನ ಪ್ರಮಾಣ ಮತ್ತೆ ಏರಿತ್ತು.

ಎಣಿಕೆಯನ್ನಷ್ಟೇ ನಂಬಿ ಕೂರುವಂತಿಲ್ಲ ಎನ್ನಲು ಕಾರಣವಿದೆ. 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಬಿಸಿಆರ್-ಎಬಿಎಲ್ ಜೀನ್ ಈ ಕಾಯಿಲೆಯ ಮೂಲ. ಮೊದಲ ಹಂತದಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚಿದರೂ ಬಲಿಯುತ್ತವೆ. ಕೊನೆಯ 'ಬ್ಲಾಸ್ಟ್' ಹಂತದಲ್ಲಿ ಎಳೆಯ ಕಣಗಳು ಬಲಿಯದೆಯೇ ತುಂಬಿಕೊಳ್ಳುತ್ತವೆ. ಈ ಹಂತಗಳಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆದ, 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ನಡುವಿನ ವೇಗದ ಹಂತದ ಜೀನ್ ಚಿತ್ರವು ಬ್ಲಾಸ್ಟ್ ಹಂತದ್ದನ್ನೇ ಬಹಳಮಟ್ಟಿಗೆ ಹೋಲುತ್ತದೆ ಎಂದು ತೋರಿಸಿತು. ಈ ಮುಂದುವರಿದ ಹಂತಗಳಲ್ಲಿ ಪ್ರೇಮ್ ಎಂಬ ಜೀನ್ ಚುರುಕಾಗಿತ್ತು. ಜುನ್-ಬಿ, ಫಾಸ್ ಜೀನ್‌ಗಳು ಕುಗ್ಗಿದ್ದವು. ಅದಕ್ಕಿಂತ ಮುಖ್ಯವಾಗಿ, ಇಮಾಟಿನಿಬ್‌ಗೆ ಬಗ್ಗದೆ ರೋಗ ಮರುಕಳಿಸಿದ ಕೆಲವರು ಹೊರನೋಟಕ್ಕೆ ಮೊದಲ ಹಂತದಲ್ಲೇ ಇದ್ದರೂ, ಅವರ ಕಣಗಳ ಜೀನ್ ಚಿತ್ರ ಮುಂದುವರಿದ ಹಂತದ್ದನ್ನು ಹೋಲುತ್ತಿತ್ತು. ಅಡಿಕೆಗೆ ಕೊಳೆ ಬಂದು ಕಾಯಿ ಉದುರುವವರೆಗೆ ಕಾಯದೆ, ಮಳೆಗೆ ಮುಂಚೆಯೇ ಬೋರ್ಡೋ ದ್ರಾವಣ ಹೊಡೆಯುವ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಪಿಸಿಆರ್ ಪರೀಕ್ಷೆ ಈ ಎಲ್ಲ ಜೀನ್‌ಗಳನ್ನು ಅಳೆಯುವುದಿಲ್ಲ, ಬಿಸಿಆರ್-ಎಬಿಎಲ್ ಜೀನ್‌ನ ನಕಲಾದ ಆರ್‌ಎನ್‌ಎ ಎಷ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ಆದರೂ ಗುಳಿಗೆಯ ಹಿಡಿತ ಸಡಿಲುತ್ತಿರುವುದು ರಕ್ತದ ಎಣಿಕೆಗಿಂತ ಮೊದಲು ಇದರಲ್ಲೇ ಕಾಣುವುದರಿಂದ, ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿಸಬೇಕೆನ್ನುತ್ತಾರೆ. ಅಷ್ಟು ಸಲ ಘಾಟಿ ಇಳಿದು ಮಣಿಪಾಲಕ್ಕೋ, ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ಹೋಗುವುದು ಕೂಲಿಯವರಿಗೆ ಸಾಧ್ಯವೇ?

ಪ್ರಯಾಣ ಮಾಡಬೇಕಾದ್ದು ರೋಗಿಯಲ್ಲ, ರಕ್ತದ ಕೊಳವೆ. ಆರ್‌ಎನ್‌ಎ ಬೇಗ ಹಾಳಾಗುವುದರಿಂದ ಮಾದರಿಯನ್ನು ತಂಪಾಗಿಟ್ಟು ತಡವಿಲ್ಲದೆ ತಲುಪಿಸಬೇಕು, ನಿಜ. ಅಷ್ಟು ವ್ಯವಸ್ಥೆ ಅಸಾಧ್ಯವಲ್ಲ. ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹಿಸಿ ಅಂದೇ ಕಳುಹಿಸಿ, ವರದಿಯನ್ನು ರೋಗಿಯ ಮೊಬೈಲ್‌ಗೂ ಚಿಕಿತ್ಸೆ ನೀಡುವ ವೈದ್ಯರಿಗೂ ತಲುಪಿಸುವ ಏರ್ಪಾಡನ್ನು ಆರೋಗ್ಯ ಇಲಾಖೆ ಮುಂದಿನ ಮಳೆಗಾಲದೊಳಗೆ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ತೀರ್ಥಹಳ್ಳಿ