ಶಾಲೆಯ ಪ್ರಾಜೆಕ್ಟಿಗೆ ಥರ್ಮಾಕೋಲೇ ಬೇಕೆ?

ಮಾನ್ಯರೇ,

ಹಳೆ ಸೀರೆಯಲ್ಲಿ ಕೌದಿ, ಹರಿದ ಜೀನ್ಸ್ ಪ್ಯಾಂಟಿನಲ್ಲಿ ಸಂತೆಚೀಲ, ಮದುವೆ ಕಾರ್ಡುಗಳಲ್ಲಿ ಗೋಡೆಗೊಂದು ಚಿತ್ತಾರ. ಕೈ ಸುಮ್ಮನಿರದ ತಾಯಿ ನಾನು. ಮಕ್ಕಳೂ ಜೊತೆಗೆ ಕೂರುತ್ತಾರೆ. ಆದರೆ ಶಾಲೆಯಿಂದ ‘ಪ್ರಾಜೆಕ್ಟ್’ ಬಂತೆಂದರೆ ಥರ್ಮಾಕೋಲ್ ಶೀಟು, ಗ್ಲಿಟರ್, ಫೋಮ್ ಹಾಳೆಗಳ ಪಟ್ಟಿ ಹಿಡಿದು ಅಂಗಡಿಗೆ ಓಡಬೇಕು. ಈ ಸಲದ ವಿಷಯವೋ, ‘ಪರಿಸರ ಉಳಿಸಿ’!

ಅಲಂಕಾರಕ್ಕೆ ಥರ್ಮಾಕೋಲ್ ಮಾರುವುದನ್ನೂ ಬಳಸುವುದನ್ನೂ ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೇ ನಿಷೇಧಿಸಿದೆ. ಅದು ಮಣ್ಣಲ್ಲಿ ಕರಗದು. ಪುಡಿಪುಡಿಯಾಗಿ ಚರಂಡಿ, ಕೆರೆ ಸೇರುತ್ತದೆ. ಗ್ಲಿಟರ್ ಕೂಡ ಬಹುಪಾಲು ಪ್ಲಾಸ್ಟಿಕ್ಕೇ. ರಟ್ಟಿನ ಡಬ್ಬ, ಅಡಿಕೆ ಹಾಳೆ, ತೆಂಗಿನ ಚಿಪ್ಪು, ಮೈದಾ ಅಂಟು ಇದ್ದರೆ ಜ್ವಾಲಾಮುಖಿಯೂ ಆಗುತ್ತದೆ, ಗೋಳಗುಮ್ಮಟವೂ ಆಗುತ್ತದೆ. (ಗುಮ್ಮಟಕ್ಕಂತೂ ಚಿಪ್ಪೇ ಸೈ.) ನೋಡಲು ಅಂಗಡಿ ಮಾಲಿನಷ್ಟು ನುಣುಪಾಗಿರುವುದಿಲ್ಲ, ಹಾಗಾಗಿ ಅಂಕ ಕಡಿಮೆ. ನನ್ನ ತಕರಾರು ಅದೇ. ಮನೆಯಲ್ಲಿರುವ ವಸ್ತುಗಳಿಂದ ಮಗು ತಾನೇ ಮಾಡಿದ ಮಾದರಿಗೆ ಹೆಚ್ಚು ಅಂಕ ಕೊಡುವಂತೆ ಶಿಕ್ಷಣ ಇಲಾಖೆ ಶಾಲೆಗಳಿಗೆ ಸುತ್ತೋಲೆ ಕಳಿಸಲಿ.

– ಒಬ್ಬ ತಾಯಿ, ದಾವಣಗೆರೆ