ಹಾಲು ಇಂಗಿಸುವ ಲೆಕ್ಕವನ್ನು ತೂಕದಲ್ಲಿ ಕೊಡಿ

ಮಾನ್ಯರೆ,

ಹಬ್ಬ ಹತ್ತಿರ ಬಂತೆಂದರೆ ಪುರವಣಿಗಳಲ್ಲಿ ಮನೆಯಲ್ಲೇ ಪೇಡಾ, ಗುಲಾಬ್ ಜಾಮೂನು ಮಾಡುವ ವಿಧಾನಗಳು ಸಾಲುಸಾಲಾಗಿ ಬರುತ್ತವೆ. ಖೋವಾ ವಿಷಯಕ್ಕೆ ಬಂದಾಗ ಒಂದು ಮಾತು ಖಾಯಂ: ‘ಹಾಲನ್ನು ಒಂದು ತಾಸು ಕುದಿಸಿ ಕಾಲು ಭಾಗಕ್ಕೆ ಇಳಿಸಿ.’ ಎಷ್ಟು ಹಾಲು, ಎಂಥ ಹಾಲು, ಉರಿ ಎಷ್ಟು ಎಂಬುದಿಲ್ಲದೆ ಬರೀ ತಾಸು ಹೇಳಿದರೆ ಏನು ಉಪಯೋಗ? ಒಲೆಯ ಮೇಲೆ ಇಡುವಾಗಿನ ತೂಕ, ಇಳಿಸುವಾಗಿನ ತೂಕ ಎರಡನ್ನೂ ಅಚ್ಚು ಹಾಕಬೇಕೆಂದು ಖೋವಾ ಕಾಯಿಸುವ ನಮ್ಮ ವಿನಂತಿ.

ಕುದಿ ಬಂದ ಮೇಲೆ ತಾಸಿಗೆ ಎಷ್ಟು ನೀರು ಆವಿಯಾಗುತ್ತದೆ ಎಂಬುದನ್ನು ಠರಾಯಿಸುವುದು ಪಾತ್ರೆಗೆ ತಾಗುವ ಉರಿ. ಒಳಗೆ ಎರಡು ಲೀಟರ್ ಇರಲಿ, ಐದು ಲೀಟರ್ ಇರಲಿ, ಅದೇ ಒಲೆ ಹೆಚ್ಚುಕಡಿಮೆ ಅಷ್ಟೇ ನೀರು ಹಾರಿಸುತ್ತದೆ. ಹಾಲು ದುಪ್ಪಟ್ಟಾದರೆ ಹೊತ್ತೂ ದುಪ್ಪಟ್ಟು. ಅಗಲ ಬಾಯಿಯ ಕಡಾಯಿಯ ಲಾಭವೆಂದರೆ ನೊರೆ ಉಕ್ಕದೆ ಹರಡಿಕೊಳ್ಳುತ್ತದೆ, ಉರಿ ಜೋರು ಇಡಬಹುದು.

ನಿಮ್ಮ ಒಲೆಯ ವೇಗ ತಿಳಿಯಬೇಕೆ? ಅದೇ ಕಡಾಯಿಯಲ್ಲಿ ಮೂರು ಲೀಟರ್ ನೀರಿಟ್ಟು, ಕೊತಕೊತ ಕುದಿಯತೊಡಗಿದಾಗ ಕಡಾಯಿ ಸಮೇತ ತೂಗಿ. ಮತ್ತೆ ಒಲೆಗಿಟ್ಟು 20 ನಿಮಿಷ ಕುದಿಸಿ ಪುನಃ ತೂಗಿ. 600 ಗ್ರಾಂ ಕಡಿಮೆಯಾಗಿದ್ದರೆ ತಾಸಿಗೆ 1.8 ಕಿಲೊ. ಹಾರಿಸಬೇಕಾದ ನೀರನ್ನು ಈ ವೇಗದಿಂದ ಭಾಗಿಸಿದರೆ ಎಷ್ಟು ತಾಸು ಎಂದು ಸಿಗುತ್ತದೆ. ಹಾಲಿಗೆ ಕೊನೆಯಲ್ಲಿ ಉರಿ ತಗ್ಗಿಸಲೇಬೇಕಾದ್ದರಿಂದ ಹೀಗೆ ಬಂದ ಹೊತ್ತಿಗೆ ಅದರ ಕಾಲು ಭಾಗ ಕೂಡಿಸಿಕೊಳ್ಳಿ. ಧಾರವಾಡದ ಎತ್ತರಕ್ಕೆ ನೀರು 97–98 ಡಿಗ್ರಿಯಲ್ಲೇ ಕುದಿಯುತ್ತದೆ; ಅದರಿಂದ ಈ ಲೆಕ್ಕ ಕೆಡುವುದಿಲ್ಲ. ಕೆಡಿಸುವುದು ಕಿಟಕಿಯ ಗಾಳಿ. ಮಳೆಗಾಲದಲ್ಲಿ ಉರಿ ಪಕ್ಕಕ್ಕೆ ವಾಲಿದರೆ ಗ್ಯಾಸ್ ಅಷ್ಟೇ ಖರ್ಚಾಗುತ್ತದೆ, ಹಾಲು ಮಾತ್ರ ಇಂಗುವುದಿಲ್ಲ.

‘ಅರ್ಧಕ್ಕೆ ಬಂತು, ಕಾಲಿಗೆ ಬಂತು’ ಎಂಬ ಕಣ್ಣಳತೆ ದುಂಡು ತಳದ ಕಡಾಯಿಯಲ್ಲಿ ಪೂರಾ ಮೋಸ. ಅರ್ಧಗೋಳದಂಥ ಕಡಾಯಿಯಲ್ಲಿ ಅಂಚಿನಿಂದ ಇಳಿದು ಆಳದ ಅರ್ಧಕ್ಕೆ ಹಾಲು ಬಂದಾಗ, ಉಳಿದಿರುವುದು ಮೊದಲಿನ ಶೇ 31ರಷ್ಟು ಮಾತ್ರ! ಅರ್ಧ ಇದೆಯೆಂದು ಉರಿ ಜೋರಾಗಿಯೇ ಬಿಟ್ಟವರ ಖೋವಾ ತಳ ಹಿಡಿಯುವುದು ಇಲ್ಲಿಯೇ. ನೆಟ್ಟಗಿನ ಪಾತೇಲಿಯಲ್ಲಿ ಕಡ್ಡಿ ಇಳಿಸಿ ಅಳೆಯಬಹುದಾದರೂ ಕುದಿಯುವಾಗ ಹಾಲು ಹಿಗ್ಗಿರುತ್ತದೆ, ಮೇಲೆ ನೊರೆ ಬೇರೆ. ತೂಕಕ್ಕೆ ಈ ತಾಪತ್ರಯವಿಲ್ಲ. ಖಾಲಿ ಕಡಾಯಿಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡರೆ ಸಾಕು.

ಐದು ಲೀಟರ್ ಎಮ್ಮೆ ಹಾಲು ಸುಮಾರು 5.15 ಕಿಲೊ ತೂಗುತ್ತದೆ. ಜಿಡ್ಡು, ಸಕ್ಕರೆ, ಪ್ರೋಟೀನು ಎಲ್ಲ ಸೇರಿ ಅದರಲ್ಲಿ ಘನಾಂಶ ಶೇ 16ರ ಆಸುಪಾಸು, ಅಂದರೆ 825 ಗ್ರಾಂ. ಖೋವಾದಲ್ಲಿ ಶೇ 30ರಷ್ಟು ನೀರು ಉಳಿಯಲಿ ಎಂದರೆ 825 ಅನ್ನು 0.7ರಿಂದ ಭಾಗಿಸಿ: ಇಳಿಸುವಾಗಿನ ತೂಕ 1.18 ಕಿಲೊ. ಹಾರಿಸಬೇಕಾದ ನೀರು ಹತ್ತಿರಹತ್ತಿರ ನಾಲ್ಕು ಕಿಲೊ. ಮೇಲೆ ಹೇಳಿದ, ತಾಸಿಗೆ 1.8 ಕಿಲೊ ಹಾರಿಸುವ ಒಲೆಯಲ್ಲಿ ಕುದಿ ಬಂದ ನಂತರವೇ ಎರಡೂಕಾಲು ತಾಸು, ಕಾಲು ಭಾಗ ಕೂಡಿಸಿದರೆ ಎರಡೂಮುಕ್ಕಾಲು. ಒಂದು ತಾಸಿನ ಮಾತೆಲ್ಲಿ ಬಂತು? ಅವಸರವಿದ್ದರೆ ಹಾಲನ್ನು ಎರಡು ಕಡಾಯಿಗೆ ಹಂಚಿ ಎರಡು ಒಲೆಗಿಡಿ. ಘನಾಂಶ ಶೇ 12.5 ಇರುವ ಹಸುವಿನ ಹಾಲಾದರೆ ಅಷ್ಟೇ ಲೀಟರಿಗೆ ಸಿಗುವುದು 920 ಗ್ರಾಂ.

ಕೊನೆಯ ಅರ್ಧ ಕಿಲೊ ನೀರೇ ಕಠಿಣ. ಆ ಐದು ಲೀಟರ್ ಎಮ್ಮೆ ಹಾಲು 1.65 ಕಿಲೊಗೆ ಇಳಿದಾಗ ಅರ್ಧ ಘನ, ಅರ್ಧ ನೀರು. ಇಲ್ಲಿಂದ ಉರಿ ಸಣ್ಣದು ಮಾಡಿ, ಚಪ್ಪಟೆ ಸಟ್ಟುಗದಿಂದ ತಳವನ್ನೂ ಬದಿಯನ್ನೂ ಬಿಡದೆ ಕೆರೆಯುತ್ತಿರಬೇಕು. ಗಟ್ಟಿಯಾದ ಹಾಲು ತಾನಾಗಿ ಹೊರಳುವುದಿಲ್ಲ. ತಳದ ಪದರ ನಿಂತಲ್ಲೇ ಕಂದುತ್ತದೆ. ಪೇಡಾಕ್ಕೆ ಆ ಕಂದು ಬಣ್ಣ ಬೇಕು ನಿಜ, ಆದರೆ ಅದು ಖೋವಾ ಆದ ಮೇಲೆ ಬೇರೆಯಾಗಿ ಹುರಿದು ತರುವಂಥದ್ದು.

ಇನ್ನು ಟೋನ್ಡ್ ಹಾಲಿನ ಪಾಕೀಟು. ಅದರಲ್ಲಿ ಜಿಡ್ಡು ಶೇ 3, ಉಳಿದ ಘನಾಂಶ ಶೇ 8.5. ಐದು ಲೀಟರಿಗೆ 850 ಗ್ರಾಂ ಖೋವಾ ಬಂದೀತು. ಆದರೆ ಒಣ ಘನಾಂಶದ ಲೆಕ್ಕದಲ್ಲಿ ಜಿಡ್ಡು ಶೇ 26. ಖೋವಾಕ್ಕೆ ಆಹಾರ ಸುರಕ್ಷತಾ ನಿಯಮ ಕೇಳುವುದು ಕನಿಷ್ಠ ಶೇ 30. ಎಷ್ಟೇ ಹೊತ್ತು ಇಂಗಿಸಿದರೂ ಈ ಪ್ರಮಾಣ ಏರುವುದಿಲ್ಲ, ನೀರಷ್ಟೇ ಹೋಗುತ್ತದೆ. ‘ಯಾವ ಹಾಲಾದರೂ ನಡೆಯುತ್ತದೆ’ ಎಂಬ ಸಾಲನ್ನು ಮುಂದಿನ ಪುರವಣಿಯಲ್ಲಿ ದಯವಿಟ್ಟು ಕೈಬಿಡಿ.

– ಖೋವಾ ಕಸುಬಿನವರು, ಹಳೇ ಹುಬ್ಬಳ್ಳಿ